ಬಿಡಿ

ಶಟರ್ ಎತ್ತುವ ಮೊದಲೇ
ಭಾಷಾನಗರದ ಹೊಗೆ ಬೀಗದ ಮೇಲೆ ಕೂತಿರುತ್ತದೆ.
ಬೆರಳಲ್ಲಿ ಒರೆಸಿ ಒಳಗೆ ಬರುತ್ತೇನೆ.
ದೇವರ ಫೋಟೋಗೆ ಊದಿನಕಡ್ಡಿ ಹಚ್ಚುವುದನ್ನು
ನಿಲ್ಲಿಸಿ ಮೂರು ವರ್ಷ,
ನನ್ನ ಗಿರಾಕಿಗಳಲ್ಲಿ ಕೆಮ್ಮುವವರೇ ಜಾಸ್ತಿ.

ನಮ್ಮ ಮೆಡಿಕಲ್‌ನಲ್ಲಿ ಎಲ್ಲವೂ ಬಿಡಿಯಾಗಿ ಸಿಗುತ್ತದೆ.
ಪಟ್ಟಿಯಿಂದ ಕತ್ತರಿಸಿದ ಎರಡು ಜ್ವರದ ಮಾತ್ರೆ,
ಒಂದು ಡೈಪರ್, ಒಂದು ಗೇಣು ಬ್ಯಾಂಡೇಜು.
ಓಣಿಯ ಕೂಲಿ ಎಷ್ಟೋ
ನನ್ನ ಕತ್ತರಿಯ ಅಳತೆಯೂ ಅಷ್ಟು.

ಹಜರತ್‌ಬಿ ಬರುವುದು ಹನ್ನೊಂದಕ್ಕೆ,
ಭಟ್ಟಿಯ ಪಾಳಿ ಮುಗಿಸಿ.
ಹುಬ್ಬಿನ ಮೇಲೆ ಬೂದಿ, ಸೆರಗಿನಲ್ಲಿ
ಸಿಡಿದು ಸಿಕ್ಕಿಕೊಂಡ ನಾಲ್ಕು ಮಂಡಕ್ಕಿ.
ಕೌಂಟರಿನ ಗಾಜಿಗೆ ಎರಡೂ ಕೈ ಊರಿ ನಿಲ್ಲುತ್ತಾಳೆ.
ನಾನೂ ಕಾಯುತ್ತೇನೆ. ಮಾತಿಗೆ ಮುಂಚೆ
ಎದೆಯ ಸಿಳ್ಳೆಯೇ ಹೇಳಿಬಿಡುತ್ತದೆ:
ನೀಲಿ.

ಡಾಕ್ಟರು ಬರೆದದ್ದು ಎರಡು ಪಂಪು.
ಗುಲಾಬಿ, ದಿನಾ ಬೆಳಿಗ್ಗೆ ಸಂಜೆ, ಚೆನ್ನಾಗಿದ್ದರೂ.
ನೀಲಿ, ಕಟ್ಟಿಕೊಂಡಾಗ ಮಾತ್ರ.
ಗುಲಾಬಿಗೆ ನಾನೂರ ಇಪ್ಪತ್ತು. ನೀಲಿಗೆ ನೂರ ಅರವತ್ತು.
"ಚೆನ್ನಾಗಿದ್ದಾಗ ಯಾಕಣ್ಣ ಔಷಧಿ?
ಚೆನ್ನಾಗಿರೋ ದಿನ ದುಡೀಬೇಕು."
ಚೀಟಿಯ ಮೊದಲ ಸಾಲನ್ನು ಹೆಬ್ಬೆರಳಿಂದ ಮುಚ್ಚುತ್ತಾಳೆ.

ಅವಳ ಕೂಲಿ ಚೀಲಕ್ಕಿಷ್ಟು ಎಂದು.
ಚೀಲದೊಳಗೆ ಅಕ್ಕಿ ಕಮ್ಮಿ, ಗಾಳಿಯೇ ಹೆಚ್ಚು.
ಕಾದ ಮರಳಲ್ಲಿ ಕಾಳುಕಾಳಿನ ಹೊಟ್ಟೆಗೆ
ಗಾಳಿ ತುಂಬಿ ಕಳಿಸುತ್ತಾಳೆ ಊರೂರಿಗೆ.
ಉಬ್ಬಿದ್ದು ಮಂಡಕ್ಕಿ.
ಉಬ್ಬಸ ಅವಳದು.

ನನ್ನ ಉದ್ರಿ ಪುಸ್ತಕ ಬಲ್ಲದ್ದು ಇಷ್ಟೇ:
ಕಳೆದ ವರ್ಷ ಹದಿಮೂರು ನೀಲಿ.
ಪುಸ್ತಕಕ್ಕೆ ಗೊತ್ತಿಲ್ಲ, ಥಂಡಿಯ ರಾತ್ರಿ ಎರಡಕ್ಕೆ
ದೊಡ್ಡಾಸ್ಪತ್ರೆಗೆ ಆಟೋದವನು ಕೇಳಿದ ಡಬಲ್,
ಮಾಸ್ಕಿನ ಹಬೆಯಲ್ಲಿ ಮೂರು ದಿನ,
ಆ ಮೂರೂ ದಿನ ಅವಳ ಒಲೆಯ ಮುಂದೆ ಕೂತ
ಬೇರೆ ಹೆಂಗಸು,
ಬೆಂಚಿನ ಮೇಲೆ ತೂಕಡಿಸಿದ ತಮ್ಮನ
ಹಮಾಲಿಯ ಎರಡು ದಿನ, ಸಂಘದ ಕಂತು,
ಕಂತಿಗೆ ಬಿದ್ದ ದಂಡ.
ಹೊಲಿಗೆ ಮಿಷನ್ನಿನ ಮೋಟರು ಮಾರಿದ್ದಾರಂತೆ.
ಮಗಳು ಈಗ ಕಾಲಲ್ಲೇ ತುಳಿಯುತ್ತಾಳೆ.

ಕೂಡಿಸಿದರೆ ಎಷ್ಟು ಗುಲಾಬಿ ಆಗುತ್ತಿತ್ತು
ಎಂದು ಒಮ್ಮೆ ಲೆಕ್ಕ ಹೇಳಿದೆ.
"ಆ ದುಡ್ಡು ಒಟ್ಟಿಗೆ ಯಾವತ್ತು ಬಂದಿತ್ತಣ್ಣ?" ಎಂದಳು.
ಸುಮ್ಮನಾದೆ. ನೀಲಿಯಲ್ಲಿ ನನಗೂ
ಹದಿನೆಂಟು ರೂಪಾಯಿ ಉಳಿಯುತ್ತದೆ.

ಯುಗಾದಿ ಕಳೆದ ವಾರ ಬಂದವಳು
ಗಾಜಿನೊಳಗಿನ ಗುಲಾಬಿ ತೋರಿಸಿದಳು.
"ಇದನ್ನ ಬಿಡಿಯಾಗಿ ಕೊಡಲ್ವ?
ಇವತ್ತಿಗೆ ಎರಡು ಎಳೆತ ಸಾಕು."
ತಮಾಷೆ ಅಂದುಕೊಂಡು ನಗಲು ಹೋದೆ.
ಅವಳು ಗಂಟು ಬಿಚ್ಚಿ ಚಿಲ್ಲರೆ ಎಣಿಸುತ್ತಿದ್ದಳು.
ಕತ್ತರಿ ನನ್ನ ಕೈಯಲ್ಲೇ ಇತ್ತು.

ಈಗ ಡ್ರಾಯರಿನಲ್ಲೊಂದು ಗುಲಾಬಿ ಪಂಪು,
ಮೇಲೆ ಅವಳ ಹೆಸರು.
ಎಳೆತಕ್ಕೆ ಮೂರೂವರೆ.
ಕಾನೂನು ಏನೆನ್ನುತ್ತದೋ ಕೇಳಲು ಹೋಗಿಲ್ಲ.
ಬಾಗಿಲ ಮರೆಗೆ ನಿಲ್ಲಿಸಿ ಹೇಳಿಕೊಡುತ್ತೇನೆ:
ಎಳೀರಿ. ಹಿಡೀರಿ. ಹತ್ತು ಎಣಿಸಿ.
ಆರಕ್ಕೇ ಕೆಮ್ಮು ಬರುತ್ತದೆ.
ಪರವಾಗಿಲ್ಲ,
ಬಿಡಿ.

ನೂರ ಇಪ್ಪತ್ತು ಎಳೆತ, ಅರವತ್ತು ದಿನದ ಡಬ್ಬಿ.
ಇವತ್ತಿಗೆ ತೊಂಬತ್ತೊಂದನೇ ದಿನ.
ಹನ್ನೊಂದೂವರೆ ಆಯಿತು.
ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತೇನೆ,
ಒಳಗೆ ಇನ್ನೂ ಸದ್ದಿದೆ.