ಎರಡು ಇಂಚು

ಶೋರೂಮಿನ ಹುಡುಗ ಇನಾಸ ಕೊಟ್ಟ ನುಣುಪು ಹಾಳೆಯಲ್ಲಿ
ಅಕ್ಕಪಕ್ಕ ಎರಡು ಪಟ್ಟಿ.
ಬಲಗಡೆಯದರಲ್ಲಿ ಮೇಲಿಂದ ಕೆಳತನಕ ಸರಿ, ಸರಿ, ಸರಿ,
ಕಾಪಿ ಹೊಡೆದ ಹುಡುಗನ ಗಣಿತದ ಉತ್ತರಪತ್ರಿಕೆ.
ಎಡಗಡೆ ನಾಲ್ಕೇ ಸರಿ. ಉಳಿದದ್ದೆಲ್ಲ ಗೀಟು,
ಈರುಳ್ಳಿ ಸಸಿ ನೆಡುವ ಮೊದಲು
ಹಗ್ಗ ಹಿಡಿದು ಮಣ್ಣಿನ ಮೇಲೆ ಎಳೆಯುತ್ತೇವಲ್ಲ, ಹಾಗೆ.

"ನಿಮಗೆ ಬೇಸಿಕ್ಕೇ ಸಾಕು ಅಕ್ಕ" ಅಂದ.
ನಮಗೆ ಯಾವುದು ಸಾಕು ಎನ್ನುವುದು
ನಮ್ಮನ್ನು ನೋಡಿದ ಕೂಡಲೇ ಎಲ್ಲರಿಗೂ ಗೊತ್ತಾಗುತ್ತದೆ.
ಕುಮಟೆಯ ಸೀರೆ ಅಂಗಡಿಯವನಿಗೆ,
ಕಾರವಾರದ ಕಣ್ಣಿನ ಡಾಕ್ಟರಿಗೆ.

ಎರಡಕ್ಕೂ ನಡುವೆ ಒಂದು ಲಕ್ಷದ ಮೂವತ್ತು ಸಾವಿರ.
ನನ್ನ ಲೆಕ್ಕದಲ್ಲಿ ಹೇಳುವುದಾದರೆ
ಹಂದಿಗೋಣದ ಹೆದ್ದಾರಿ ಬದಿಗೆ ತೂಗುಹಾಕಿದ
ಸಾವಿರದ ಮುನ್ನೂರು ಗೊಂಚಲು ಸಿಹಿ ಈರುಳ್ಳಿ,
ಅದೂ ಗೋವೆಯ ಕಾರುಗಳು ಚೌಕಾಸಿ ಮಾಡದೆ ಕೊಂಡರೆ.
ಅಷ್ಟಕ್ಕೆ ನಾಲ್ಕೂ ಗಾಲಿಗೆ ಬಲ, ಹಗುರ ಸ್ಟೀರಿಂಗು,
ಹಿಂದಕ್ಕೆ ದೀಪ, ನೆತ್ತಿಗೆ ಕೊಡೆ,
ಫೋನು ಚಾರ್ಜಿಗೊಂದು ತೂತು, ನೀರಿನ ಬಾಟ್ಲಿಗೊಂದು ಗೂಡು.

ಮೆಕ್ಯಾನಿಕ್ ದುಗ್ಗಪ್ಪ ಅಂಬಿಗ ಹಾಳೆಯನ್ನು
ಗ್ರೀಸಿನ ಕೈಯಲ್ಲೇ ಓದಿದ.
"ಈ ಉಪ್ಪುಗಾಳಿ ಮೊದಲು ತಿನ್ನೋದು ವೈರನ್ನ.
ಇಲ್ಲದ್ದು ಕೆಡೋದಿಲ್ಲ, ಅಕ್ಕ."

ಇಲ್ಲದ್ದು ಕೆಡೋದಿಲ್ಲ.
ಆ ಮಾತು ಮೂರು ರಾತ್ರಿ
ನನಗೂ ಜಟ್ಟುವಿಗೂ ನಡುವೆ ಮಲಗಿತು.

ನಾಲ್ಕನೆಯ ದಿನ ಮತ್ತೆ ಹೋದೆವು.
ಇನಾಸ ಫಾರ್ಮು ತುಂಬುತ್ತ
"ಓಡಿಸೋದು ಜಟ್ಟಣ್ಣನೇ ಅಲ್ವಾ?" ಅಂದ.
ಜಟ್ಟು ನಕ್ಕ. ತದಡಿಯ ತಾರಿ ದಾಟುವಾಗಲೇ
ತಲೆ ತಿರುಗಿ ಕಣ್ಣು ಮುಚ್ಚುವವ,
ನನ್ನ ಸ್ಕೂಟಿಯ ಹಿಂದೆ ಗೊಬ್ಬರದ ಚೀಲ ತಬ್ಬಿ ಕೂರುವವ.

ಸೀರೆ ಎತ್ತಿ ಸಿಕ್ಕಿಸಿ ಹತ್ತಿ ಕೂತೆ.
ಎಣ್ಣೆಯ, ಹೊಸ ರಬ್ಬರಿನ ವಾಸನೆ.
ಸ್ಟೀರಿಂಗು ಕೈಗೆ ಸಿಕ್ಕಿತು, ಗೇರು ಸಿಕ್ಕಿತು.
ಕ್ಲಚ್ಚು ಸಿಗಲಿಲ್ಲ.
ಬೆರಳ ತುದಿ ಚಾಚಿದರೂ
ಎರಡು ಇಂಚು ಆಚೆ ನಿಂತಿತ್ತು,
ಕರೆದರೂ ಬಾರದ ಕರುವಿನಂತೆ.

"ಸೀಟು ಮುಂದೆ ಬರೋದು ಫುಲ್ ಮಾಡೆಲ್ಲಲ್ಲಿ ಮಾತ್ರ, ಮೇಡಂ."
ಅಷ್ಟರಲ್ಲಿ ನಾನು ಮೇಡಂ ಆಗಿದ್ದೆ.

ಹಾಳೆ ಬಿಡಿಸಿ ಹುಡುಕಿದೆ. ಇತ್ತು,
ಸುಖ ಸೌಕರ್ಯ ಎಂಬ ತಲೆಬರಹದಡಿ
ಬಾಟ್ಲಿಯ ಗೂಡಿನ ಕೆಳಗೆ.
ಯಾರೋ ಒಬ್ಬ ಉದ್ದ ಕಾಲಿನ ಗಂಡಸು
ಎಲ್ಲೋ ಒಂದು ಕಾರ್ಖಾನೆಯಲ್ಲಿ ಕೂತು ಅಳತೆ ಕೊಟ್ಟು ಎದ್ದುಹೋಗಿದ್ದಾನೆ.
ನನ್ನ ಕಾಲು ಬ್ರೇಕಿಗೆ ಮುಟ್ಟುವುದು
ಸುಖದ ಲೆಕ್ಕಕ್ಕೆ ಜಮೆಯಾಗಿದೆ.

ಸಿಟ್ಟಿನಲ್ಲಿ ಫುಲ್ಲೇ ಕೊಡು ಅನ್ನುವವಳಿದ್ದೆ.
ಸಿಟ್ಟಿಗೆ ಸೊಸೈಟಿ ಸಾಲ ಕೊಡುವುದಿಲ್ಲ.

ಮೀನುಪೇಟೆಯ ಹಿಂದೆ ವೆಲ್ಡಿಂಗಿನ ಇಮ್ತಿಯಾಜ್
ಮುರುಕು ಕುರ್ಚಿಯಲ್ಲಿ ಕೂರಿಸಿ
ಟೇಪು ಕೈಗೆ ಕೊಟ್ಟು ನನ್ನಿಂದಲೇ ಅಳೆಸಿದ,
ಸೊಂಟದಿಂದ ಮೊಣಕಾಲು, ಮೊಣಕಾಲಿಂದ ಹಿಮ್ಮಡಿ.
ಇಷ್ಟು ವರ್ಷದಲ್ಲಿ ಬ್ಲೌಸು ಬಿಟ್ಟರೆ
ನನ್ನ ಅಳತೆ ಕೇಳಿದ ಮೊದಲ ಮನುಷ್ಯ.
ಕ್ಲಚ್ಚಿಗೊಂದು, ಬ್ರೇಕಿಗೊಂದು ಕಬ್ಬಿಣದ ತುಂಡು,
ಮುನ್ನೂರ ಐವತ್ತು ರೂಪಾಯಿ.
ವಾರಂಟಿ ಹೋಯಿತು ಅಂತ ಇನಾಸ ಫೋನು ಮಾಡಿದ.
ಹೋಗಲಿ ಅಂದೆ.

ಕೊಯ್ಲು ಮುಗಿದ ಗದ್ದೆಗೆ ಇಳಿಸಿದ ದಿನ
ನಾದಿನಿಯ ಮಗ, ಆರಡಿಯ ಹುಡುಗ, ಹತ್ತಿ ಕೂತು
ಮೊಣಕಾಲು ಸ್ಟೀರಿಂಗಿಗೆ ಬಡಿಸಿಕೊಂಡ.
"ಇದ್ಯಾವ ಮಾಡೆಲ್ಲು ಅತ್ತೆ?"
"ಇಳಿ" ಅಂದೆ.

ಮೂರು ಗದ್ದೆ ಮುಗಿದವು. ನಾಲ್ಕನೆಯದರ ಅರ್ಧದಲ್ಲಿ
ಸೂರ್ಯ ಸಮುದ್ರಕ್ಕೆ ಇಳಿದ.
ಹಿಂದಿನ ದೀಪ ಇರಬೇಕಿತ್ತು ಅನಿಸಿತು,
ಆ ಲಕ್ಷವೂ ಮೂವತ್ತು ಸಾವಿರವೂ ನೆನಪಾದವು,
ಭುಜ ಬೇರೆ ಹಗುರ ಸ್ಟೀರಿಂಗನ್ನು ನೆನೆಯುತ್ತಿತ್ತು.
ಬದುವಿನ ಮೇಲೆ ಜಟ್ಟು
ಫೋನಿನ ಟಾರ್ಚು ಹಿಡಿದು ನಡೆದ, ನನ್ನ ಸಮಕ್ಕೆ,
ಎಡವುತ್ತ, ಬೆಳಕನ್ನು ಮಾತ್ರ ಎಡವಿಸದೆ.

"ಬೇಗ ಮುಗಿಸು ಮಾರಾಯ್ತಿ,
ಚಾರ್ಜು ಹನ್ನೊಂದೇ ಉಂಟು."