ಅರ್ಧ ತಾಳ ಮೊದಲು

ಕೂತುಕೋ. ಆ ಕುರ್ಚಿ ಬೇಡ, ಅದರ ಕಾಲು ನಂಬುವಂಥದ್ದಲ್ಲ.
ಅಲೊಂಜೊ ಪ್ರೂಯಿಟ್ ಬಗ್ಗೆ ಕೇಳಲು ಬಂದೆಯಲ್ಲವೆ?
ಎಲ್ಲರೂ ಅದಕ್ಕೇ ಬರುತ್ತಾರೆ.
ಅವನ ಗುಲಾಬಿ ಸೂಟು, ಮೊಣಕಾಲೂರಿ ಹಾಡುತ್ತಿದ್ದದ್ದು,
ಚಿಕಾಗೋದ ಹೋಟೆಲಿನಲ್ಲಿ ಕಟ್ಟದೆ ಬಿಟ್ಟುಹೋದ ಬಿಲ್ಲು.
ಹೇಳುತ್ತೇನೆ. ಮೊದಲು ಈ ಕೈ ನೋಡು.

ಅರವತ್ತಮೂರರ ಫೆಬ್ರವರಿ, ಡೆಟ್ರಾಯ್ಟ್.
ನದಿ ಹೆಪ್ಪುಗಟ್ಟಿ ಕೆನಡಾ ಹತ್ತಿರ ಸರಿದಂತಿತ್ತು.
ಸ್ಟುಡಿಯೋ ಅಂದರೆ ಸ್ಟುಡಿಯೋ ಏನಲ್ಲ,
ಮೊದಲು ಹೆಣಗಳಿಗೆ ಸಿಂಗಾರ ಮಾಡುತ್ತಿದ್ದ ಮನೆ;
ಶವಪೆಟ್ಟಿಗೆ ಜಾರಿಸುವ ಇಳಿಜಾರಿನಲ್ಲಿ ಪಿಯಾನೋ ಇಳಿಸಿದ್ದರು.
ದನಿ ಗುಂಯ್‌ಗುಡಲಿ ಎಂದು ಕಕ್ಕಸಿನಲ್ಲೊಂದು ಮೈಕು,
ಅದರ ಪುಣ್ಯಕ್ಕೆ ಹಾಡು ಮುಗಿಯುವ ತನಕ
ಯಾರೂ ನೀರು ಬಿಡುವ ಹಾಗಿರಲಿಲ್ಲ.

ನಾವು ಮೂವರು. ಒಲೀಟಾ, ಅರ್ನೆಸ್ಟೀನ್, ನಾನು ವರ್ಡೆಲ್.
ಆಸ್ಪತ್ರೆಯ ಲಾಂಡ್ರಿಯಲ್ಲಿ ಹಗಲಿಡೀ ದುಪ್ಪಟಿ ಹಿಂಡಿದ ಕೈಗಳು
ಗಟ್ಟಿ ಇರುತ್ತವೆಂದು ಹ್ಯಾಸ್ಕೆಲ್ ಸಾಹೇಬನಿಗೆ ಯಾರೋ ಹೇಳಿದ್ದರಂತೆ.
ತಲೆಗೆ ಐದು ಡಾಲರು. ಅಲ್ಲ, ಜೋಡಿ ಕೈಗೆ.
"ಉಂಗುರ ತೆಗೆಯಿರಿ, ಕಟಕಟ ಅನ್ನುತ್ತೆ" ಅಂದ.
ನನ್ನದು ಬರಲಿಲ್ಲ. ಸೋಪು ಹಚ್ಚಿ ಎಳೆದರು.
ಮದುವೆಯಾದ ನಾಲ್ಕು ವರ್ಷದಲ್ಲಿ ಮೊದಲ ಸಲ
ಆ ಬೆರಳಿಗೆ ಗಾಳಿ ತಾಗಿತು.

ಚಟ್. ಚಟ್. ಎರಡರ ಮೇಲೊಂದು, ನಾಲ್ಕರ ಮೇಲೊಂದು.
ಸುಲಭ ಅನ್ನುತ್ತೀಯ. ಹನ್ನೊಂದು ಸಲ ಹಾಡಿನುದ್ದಕ್ಕೂ ತಟ್ಟಿ ನೋಡು.
ಅಂಗೈ ಮೊದಲು ಕೆಂಪು, ಆಮೇಲೆ ದಪ್ಪ, ಆಮೇಲೆ ನಿನ್ನದೇ ಅಲ್ಲ.

ಹನ್ನೆರಡನೆಯದು. ಎಲ್ಲಾ ಕೂಡಿ ಬಂತು.
ಬಾಸ್ ಗಿಟಾರಿನವನು ಕಣ್ಣು ಮುಚ್ಚಿದ,
ಅಲೊಂಜೊನ ಗಂಟಲು ಬಿರಿದು ಒಳಗಿಂದ ಬೇರೆ ಯಾರೋ ಹಾಡಿದರು,
ಎರಡನೆಯ ಚರಣದ ಕೊನೆ —
ಡ್ರಮ್ಮಿನ ಖಾಲಿ ಪೆಟ್ಟಿಗೆಯಲ್ಲಿ ಕೋಟು ಹೊದಿಸಿ ಮಲಗಿಸಿದ್ದ
ನನ್ನ ಎಂಟು ತಿಂಗಳ ಲೂಶಿಯಸ್ ಕೆಮ್ಮಿದ.
ನಾನು ಅತ್ತ ತಿರುಗಿದೆ. ಕೈ ನನಗಾಗಿ ಕಾಯಲಿಲ್ಲ.
ಚಟ್ —
ಅರ್ಧ ತಾಳ ಮೊದಲೇ.

ಒಲೀಟಾ ನನ್ನ ಕಾಲು ತುಳಿದಳು.
ಗಾಜಿನಾಚೆ ಹ್ಯಾಸ್ಕೆಲ್ ಗಡಿಯಾರ ನೋಡಿದ,
ವಾದ್ಯದವರಿಗೆ ಗಂಟೆಯ ಲೆಕ್ಕದಲ್ಲಿ ಕೊಡಬೇಕು ನೋಡು,
"ಇರಲಿ ಬಿಡು, ಯಾರು ಗಮನಿಸುತ್ತಾರೆ" ಅಂದ.

ಜೂನಿಗೆ ಅದು ಪಟ್ಟಿಯಲ್ಲಿ ನಾಲ್ಕನೆಯದು.
ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಕಾರಿನ ಕಿಟಕಿಗಳಲ್ಲಿ ಅದೇ.
ನಮ್ಮನ್ನು ಒಳಗೆ ಬಿಡದ ಈಜುಕೊಳದ ದಂಡೆಯಲ್ಲಿ
ಬಿಳಿ ಹುಡುಗಿಯರು ಒದ್ದೆ ಕೈಯಲ್ಲಿ ತಟ್ಟುತ್ತಿದ್ದರು.
ಬೇಲಿಯಾಚೆ ನಿಂತು ನೋಡಿದೆ —
ಸರಿಯಾಗಿ ಅಲ್ಲೇ, ಎರಡನೆಯ ಚರಣದ ಕೊನೆಗೆ,
ಅರ್ಧ ತಾಳ ಮೊದಲು.
ನನ್ನ ತಪ್ಪನ್ನು ತಪ್ಪಿಲ್ಲದೆ ಕಲಿತಿದ್ದರು.

ಆಮೇಲೆ ಲೀಡ್ಸ್ ಊರಿನ ಐದು ಹುಡುಗರು, ಹಣೆ ಮುಚ್ಚುವ ಕೂದಲು,
ಅದನ್ನೇ ಹಾಡಿ ಅಲೊಂಜೊಗಿಂತ ಮೇಲೇರಿದರು.
ಅವರೂ ಅಲ್ಲಿ ಮೊದಲೇ ತಟ್ಟಿದರು, ಬಹಳ ಶ್ರದ್ಧೆಯಿಂದ,
ದೊಡ್ಡ ಗುಟ್ಟೇನೋ ಅಡಗಿದೆ ಎಂಬಂತೆ.

ರೆಕಾರ್ಡಿನ ನಡುವಿನ ಚೀಟಿಯಲ್ಲಿ ಹಾಡಿದವನ ಹೆಸರಿದೆ, ಬರೆದವನದಿದೆ,
ಬರೆಯದೆಯೂ ಸೇರಿಕೊಂಡ ಹ್ಯಾಸ್ಕೆಲನದೂ ಇದೆ.
ಸಾರು ಹೊಗಳುವವರು ಉಪ್ಪಿನ ಹೆಸರು ಕೇಳುವುದಿಲ್ಲ.
ನನಗೆ ಬೇಜಾರಿಲ್ಲ. ಇದೆ, ಸ್ವಲ್ಪ. ಚಳಿಗಾಲದಲ್ಲಿ ಹೆಚ್ಚು.

ಆ ಐದು ಡಾಲರು? ಕೆಮ್ಮಿನ ಔಷಧಿ, ಒಂದು ಚೀಲ ಕಲ್ಲಿದ್ದಲು.
ಉಳಿದ ಚಿಲ್ಲರೆ ಎತ್ತಿಟ್ಟು — ನಗಬೇಡ —
ಆ ರೆಕಾರ್ಡನ್ನೇ ಕೊಂಡೆ.

ಲೂಶಿಯಸ್‌ಗೆ ಈಗ ಮೊಮ್ಮಗಳಿದ್ದಾಳೆ. ಅವನು ನಂಬುವುದಿಲ್ಲ.
"ಕೆಮ್ಮು ಎಲ್ಲಿದೆಯಮ್ಮ, ಬರೀ ಡ್ರಮ್ಮು" ಅನ್ನುತ್ತಾನೆ.
ನಾನು ಕಿವಿ ಆನಿಸಿದರೆ ಇದೆ.
ಚಪ್ಪಾಳೆಯ ಅಡಿಯಲ್ಲಿ, ಕೂದಲೆಳೆಯಷ್ಟು,
ಪೆಟ್ಟಿಗೆಯೊಳಗಿಂದ.

ಆಯಿತು, ಅಲೊಂಜೊ ಬಗ್ಗೆ ಏನು ಕೇಳಬೇಕೋ ಕೇಳು.
ಒಳ್ಳೆಯ ಹುಡುಗ.
ಸೋಪು ತಂದುಕೊಟ್ಟವನು ಅವನೇ.