ಬಿಲ್ಲೆ ಸೆಲ್ಲು

ಸುಲ್ತಾನಪೇಟೆ. ಲಗ್ನಪತ್ರಿಕೆ ಅಂಗಡಿ.
ಮೆಟ್ಟಿಲ ಕೆಳಗೊಂದು ಕಂಪ್ಯೂಟರು.
"ಒಂದ್ರಲ್ಲಿ ಮೇಲ್ ಬರ್ತದೆ, ಎರಡರಲ್ಲಿ ಇಲ್ಲ,"
ಅಂದರು ಗೌಸ್ ಪೀರ್ ಸಾಹೇಬರು,
ನಲ್ಲಿಯ ದೂರು ಹೇಳುವ ಹಾಗೆ.

ಪಾಸ್‌ವರ್ಡ್ ಹಾಕಿದೆ. ಮತ್ತೆ ಹಾಕಿದೆ.
ಪೋರ್ಟ್ ಒಂಬೈನೂರ ತೊಂಬತ್ತಮೂರು, ಸರಿಯಿದೆ.
ಕೇಬಲ್ ಕಿತ್ತು, ಊದಿ, ಸಿಕ್ಕಿಸಿದೆ
(ಇದು ಶಾಸ್ತ್ರಕ್ಕೆ).

ಎರಡು ಸರ್ವರ್ ಬಾಗಿಲು ತೆಗೆಯಲೊಲ್ಲವು.
ಮೂರನೆಯದು, ಗುರುತು ಕೇಳದ ಮುದುಕ,
ಯಾರು ಬಂದರೂ ಬಾ ಅನ್ನುತ್ತಿತ್ತು.

ಟೀ ಬಂತು. ಲೋಟಕ್ಕೆ ಜಾಗ ಮಾಡುವಾಗ
ಪರದೆಯ ಮೂಲೆ ಕಣ್ಣಿಗೆ ಬಿತ್ತು:
ಜನವರಿ ಒಂದು, ಎರಡು ಸಾವಿರದ ಒಂಬತ್ತು.

"ಸಾಹೇಬ್ರೇ, ರಾತ್ರಿ ಮೇನ್ ಆಫ್ ಮಾಡ್ತೀರಾ?"
"ಹೂಂ ಅಮ್ಮಾ, ಎಲ್ಲಾ ಕಾಗದ ನೋಡು, ಬೆಂಕಿ ಭಯ."

ದಿನಾ ಬೆಳಗ್ಗೆ ಇದು ಅದೇ ತಾರೀಕಿಗೆ ಏಳುತ್ತದೆ.
ಅವು ತೋರಿಸುವ ಪ್ರಮಾಣಪತ್ರ
ಇದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ.
ಬಾಗಿಲು ಹಾಕಿಕೊಂಡಿದ್ದು ಅವಲ್ಲ,
ನಮ್ಮದೇ.

ಎಸ್.ಪಿ. ರೋಡಿಗೆ ನಡೆದು ತಂದೆ,
ಮೂವತ್ತು ರೂಪಾಯಿಯ ಬಿಲ್ಲೆ ಸೆಲ್ಲು.

ಆಮೇಲೆ ಸುರಿದವು, ಇನ್ನೂರ ಹದಿನಾಲ್ಕು.
ಮೇಲಿಂದ ಮೂರನೆಯದರಲ್ಲಿ ಯಾರೋ ಬೇಡಿಕೊಂಡಿದ್ದರು:
ವರನ ಹೆಸರಲ್ಲಿ ದೀರ್ಘ ಬಿಟ್ಟಿದೆ, ದಯವಿಟ್ಟು ತಿದ್ದಿ.

ಸಾಹೇಬರು ಕನ್ನಡಕ ಏರಿಸಿ ಮುಹೂರ್ತ ನೋಡಿದರು.
ನಿನ್ನೆ.
ದೀರ್ಘ ಇಲ್ಲದೆಯೇ ತಾಳಿ ಕಟ್ಟಿದ್ದಾನೆ.